ಅಂಚಿನಲ್ಲಿ ನಿಂತವರು

ಜೂನ್ 3, ಸೋಮವಾರ

ಗೆರೆ ಹಾಕಿದ ಪುಟದ ಮೇಲೆ ದಿನಾ ಏನಾದರೂ ಬರೆಯಿರಿ ಎಂದು ಕಣ್ಣಾಸ್ಪತ್ರೆಯ ಸಲಹೆಗಾರ್ತಿ ಹೇಳಿದ್ದಾಳೆ. ಉಳಿದ ಒಂದು ಕಣ್ಣಿಗೂ ಕೈಗೂ ಮತ್ತೆ ಹೊಂದಿಕೆಯಾಗಬೇಕಂತೆ. ಏನು ಬರೆದರೂ ನಡೆಯುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಎರಡು ಸಾಲು ಗೆರೆ ಬಿಟ್ಟು ಕೆಳಗೆ ಜಾರಿವೆ.

ಆದದ್ದನ್ನು ಒಮ್ಮೆ ಬರೆದು ಮುಗಿಸಿಬಿಡುತ್ತೇನೆ. ಏಪ್ರಿಲ್‌ನ ಕೊನೆಯ ಭಾನುವಾರ ಪುಣೆ ಹತ್ತಿರದ ದೇಹೂ ರೋಡಿನಲ್ಲಿ ಹಲ್ಲು ತಪಾಸಣೆಯ ಶಿಬಿರ ಇಟ್ಟುಕೊಂಡಿದ್ದೆ. ನನ್ನ ಗಂಡ ಮಾರ್ತಾಂಡ ಉಪಕರಣಗಳ ಪೆಟ್ಟಿಗೆಯನ್ನು ಸ್ಕೂಟರಿನ ಹಿಂದಿನ ಸೀಟಿಗೆ ರಬ್ಬರ್ ಹಗ್ಗದಿಂದ ಬಿಗಿಯುತ್ತಿದ್ದರು. ಪೆಟ್ಟಿಗೆ ಅಲುಗದಂತೆ ಹಿಡಿದು ನಾನು ಬಾಗಿದ್ದೆ. ಹಗ್ಗದ ತುದಿಯ ಕಬ್ಬಿಣದ ಕೊಕ್ಕೆ ಅವರ ಬೆರಳಿನಿಂದ ತಪ್ಪಿ ಹಾರಿ ನನ್ನ ಎಡಗಣ್ಣಿಗೆ ಬಡಿಯಿತು. ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಕಣ್ಣು ಉಳಿಯಲಿಲ್ಲ.

ಪುಣೆಯ ಖಡಕಿ ಬಜಾರಿನ ನನ್ನ ಹಲ್ಲಿನ ಕ್ಲಿನಿಕ್ಕನ್ನು ಸದ್ಯ ಸೋನಾಲಿ ನಡೆಸುತ್ತಿದ್ದಾಳೆ. ನನ್ನ ಕೈಕೆಳಗೆ ಪಳಗಿದವಳು, ಚೆನ್ನಾಗಿ ಕೆಲಸ ಮಾಡುತ್ತಾಳೆ. ಅವಳ ಮೇಲೆ ದೂರಿಲ್ಲ. ಆದರೆ ರೋಗಿಯ ಕುರ್ಚಿಯ ಪಕ್ಕದ ಆ ಸ್ಟೂಲು ನನ್ನದು.

ಎರಡು ಕಣ್ಣಿದ್ದಾಗ ಯಾವುದು ಎಷ್ಟು ದೂರ ಎಂದು ಯೋಚಿಸಿಯೇ ಇರಲಿಲ್ಲ. ಈಗ ಎಲ್ಲವೂ ಗೋಡೆಗೆ ಅಂಟಿಸಿದ ಹಾಗೆ ಚಪ್ಪಟೆ. ಬೆಳಿಗ್ಗೆ ಕಿಟಲಿಯಿಂದ ಚಹಾ ಸುರಿದೆ. ಕಪ್ಪು ಇದ್ದದ್ದು ಇನ್ನೂ ಮುಂದೆ. ಚಹಾ ಪೂರ್ತಿ ಟೇಬಲ್ ಮೇಲೆ ಹರಿಯಿತು. ಮಾರ್ತಾಂಡ ಬಟ್ಟೆ ತಂದು ಒರೆಸಿದರು.

"ಇನ್ನ ಮ್ಯಾಲೆ ಚಹಾ ನಾನ ಮಾಡ್ತೀನಿ," ಅಂದರು.

ಕಪ್ಪಿಗೆ ಚಹಾ ಸುರಿಯಲಾರದವಳು ಹಲ್ಲಿನಲ್ಲಿ ಕೂದಲೆಳೆಯಷ್ಟು ಆಳವನ್ನು ಹೇಗೆ ಅಳೆಯುತ್ತಾಳೆ ಎಂದು ಅವರು ಯೋಚಿಸುತ್ತಿದ್ದರೆ, ಯೋಚಿಸಲಿ. ನಾನು ಕ್ಲಿನಿಕ್ಕಿಗೆ ವಾಪಸು ಹೋಗುತ್ತೇನೆ.

ಈ ಕೊನೆಯ ವಾಕ್ಯ ಗೆರೆಯ ಮೇಲೇ ಇದೆ.

ಜೂನ್ 9, ಭಾನುವಾರ

ಬಜಾರಿನವರೆಗೆ ನಡೆದು ಬಂದೆ. ಕಪ್ಪು ಕನ್ನಡಕವಿಲ್ಲದೆ ಹೊರಗೆ ಕಾಲಿಡುವುದಿಲ್ಲ. ಮಾರ್ತಾಂಡ ನನ್ನ ಎಡಗಡೆಗೇ ಇರುತ್ತಾರೆ, ಮೊಣಕೈ ಹಿಡಿದುಕೊಂಡು. ಕಾಣದ ಕಡೆಯಿಂದ ರಿಕ್ಷಾ ಬಂದರೆ ಎಂದು ಅವರ ಭಯ. ಹಾಗಾಗಿ ಇಡೀ ದಾರಿ ಅವರು ಒಂದು ಕೈ ಮತ್ತು ಒಂದು ದನಿ, ಅಷ್ಟೆ. "ಕಲ್ಲ ಅದ." "ಮೆಟ್ಟಲ." "ನಿಲ್ಲು." ಮನೆಗೆ ಬಂದ ಮೇಲೆ ಮೊಣಕೈ ತೊಳೆದುಕೊಂಡೆ. ಯಾಕೋ.

ಜೂನ್ 16, ಭಾನುವಾರ

ಇಂಪನಾ ತನ್ನ ಹಳೆಯ ಕ್ಯಾಮೆರಾವನ್ನು ನನ್ನ ಮಡಿಲಲ್ಲಿಟ್ಟಳು. ಮಗಳು ಕಾಲೇಜಿನ ಎರಡನೇ ವರ್ಷಕ್ಕೆ ಬಂದ ಮೇಲೆ ನನ್ನ ತಾಯಿಯಾಗಿದ್ದಾಳೆ.

"ನಾರಾಯಣ ಪೇಟ್‌ದಾಗ ಫೋಟೋ ಕ್ಲಾಸ್ ಅದ. ನಿನ್ನ ಹೆಸರು ಹಚ್ಚಿ ಬಂದೀನಿ."

"ನಂಗ ಫೋಟೋ ಯಾತಕ್ಕ? ಕಣ್ಣಿಲ್ಲದಾಕಿಗೆ?"

"ಕ್ಯಾಮೆರಾಕ್ಕೂ ಒಂದ ಕಣ್ಣು, ಅಮ್ಮಾ. ಅದು ದೂರ ಹತ್ತರ ಹ್ಯಾಂಗ ತೋರಸ್ತದ, ಕಲಕೊಂಡು ಬಾ. ನಿನಗ ಬೇಕಾಗಿದ್ದು ಅದ ಅಲ್ಲೇನು?"

ಮಾತು ಸರಿಯಿತ್ತು. ಬೇಡ ಅನ್ನಲು ಕಾರಣ ಸಿಗಲಿಲ್ಲ.

ಜೂನ್ 23, ಭಾನುವಾರ

ಕ್ಲಾಸು ಒಂದು ವಾಡೆಯ, ಅಂದರೆ ಹಳೆಯ ತೊಟ್ಟಿಮನೆಯ, ಮಾಳಿಗೆಯಲ್ಲಿ. ಕಲಿಸುವವರು ಮುಕ್ತಾಬಾಯಿ, ವಯಸ್ಸು ಎಪ್ಪತ್ತರ ಹತ್ತಿರ, ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದವರು. ಉಳಿದವರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ತಮ್ಮ ತಾಯಿಯ ಬೆಳಗಾವಿ ಕನ್ನಡ. ನನ್ನ ಕಣ್ಣಿನ ಸಂಗತಿ ಹೇಳಿದೆ. ಅಯ್ಯೋ ಅನ್ನಲಿಲ್ಲ.

"ಚಲೋ ಆತು, ಡಾಕ್ಟರೀಣಬಾಯಿ. ಉಳಿದವರು ಒಂದು ಕಣ್ಣು ಮುಚ್ಚೂದ ಕಲೀಬೇಕು. ನಿಮಗ ಆ ತ್ರಾಸ ಇಲ್ಲ."

ಏಪ್ರಿಲ್‌ನಿಂದ ನನ್ನ ಕಣ್ಣಿನ ಬಗ್ಗೆ ಯಾರೂ ತಮಾಷೆ ಮಾಡಿರಲಿಲ್ಲ. ನನಗೆ ನಗು ಬಂತು.

ಮೊದಲ ಪಾಠ: ಏನನ್ನು ತೋರಿಸಬೇಕು ಎಂದು ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಬಟನ್ ಒತ್ತಬಾರದು. ಎರಡನೆಯದು ಇನ್ನೂ ಉಪಯೋಗದ್ದು. ಮೇಜಿನ ಮೇಲೆ ಮೂರು ಹಿತ್ತಾಳೆ ತಂಬಿಗೆಗಳನ್ನು ಬಿಡಿಬಿಡಿಯಾಗಿ ಇಟ್ಟರು. ಯಾವುದು ಹತ್ತಿರ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಒಂದರ ಅಂಚು ಇನ್ನೊಂದನ್ನು ತುಸು ಮುಚ್ಚುವಂತೆ ಸರಿಸಿದರು.

"ಮುಚ್ಚಿದ್ದು ಹತ್ತರ, ಮುಚ್ಚಿಸಿಕೊಂಡದ್ದು ದೂರ. ಚಿತ್ರದಾಗ ಆಳ ಹಿಂಗ ಬರ್ತದ."

ತಟ್ಟನೆ ಮೂರೂ ತಂಬಿಗೆ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು.

ಜುಲೈ 1, ಸೋಮವಾರ

ಕಿಟಲಿಯ ಮೂತಿ ಕಪ್ಪಿನ ಅಂಚನ್ನು ಮುಚ್ಚುವವರೆಗೆ ಮುಂದೆ ತಂದೆ, ಆಮೇಲೆ ಸುರಿದೆ. ಒಂದು ಹನಿಯೂ ಹೊರಗಿಲ್ಲ! ಮಾರ್ತಾಂಡ ಒರೆಸುವ ಬಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅವರಿಗೂ ಒಂದು ಕಪ್ಪು ಕೊಟ್ಟೆ. ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಗಲ ಮೇಲೆ ಹಾಕಿಕೊಂಡು ಕುಡಿದರು.

ಜುಲೈ 14, ಭಾನುವಾರ

ವಾಡೆಯ ಮರದ ಮೆಟ್ಟಿಲುಗಳನ್ನು ಎಲ್ಲರೂ ಎರಡು ಸಲ ತೆಗೆದೆವು. ಮೊದಲು ಎದುರಿನಿಂದ ಫ್ಲ್ಯಾಶ್ ಹಾಕಿ. ಇಡೀ ಮೆಟ್ಟಿಲಸಾಲು ಪಟ್ಟೆಪಟ್ಟೆಯ ಜಮಖಾನೆಯಂತೆ ಬಂತು. ಎರಡನೆಯ ಸಲ ಫ್ಲ್ಯಾಶ್ ಬಿಟ್ಟು, ಪಕ್ಕದ ಕಿಟಕಿಯ ಬೆಳಕಿನಲ್ಲಿ. ಪ್ರತಿ ಮೆಟ್ಟಿಲಿಗೂ ಒಂದು ಹೊಳೆಯುವ ಅಂಚು, ಅದರ ಕೆಳಗೆ ಒಂದು ನೆರಳು.

"ಎದುರಿನ ಬೆಳಕು ಎಲ್ಲಾ ಬಯಲ ಮಾಡ್ತದ, ಆದ್ರ ಗುಂಡಗ ಅದನೋ ಚಪ್ಪಟ ಅದನೋ ಹೇಳಂಗಿಲ್ಲ. ಹೇಳೂದು ನೆರಳು," ಅಂದರು ಮುಕ್ತಾಬಾಯಿ.

ಹೋಗುವಾಗ ಆ ನೆರಳುಗಳನ್ನೇ ನೋಡುತ್ತ ಇಳಿದೆ. ಪಕ್ಕದ ಕಟಾಂಜನ ಹಿಡಿಯಲಿಲ್ಲ. ಕೆಳಗೆ ಕಾದಿದ್ದ ಮಾರ್ತಾಂಡ ಓಡಿ ಬಂದು ಎಡಗಡೆ ನಿಂತರು. ಆಗಲೇ ನಾನು ಕೊನೆಯ ಮೆಟ್ಟಿಲಿನಲ್ಲಿದ್ದೆ.

ಖಡಕಿ ದಂಡಿನ ಪ್ರದೇಶ, ಇಲ್ಲಿ ಮನೆಪಾಠ ಮಾಡುವುದೇ ಕಷ್ಟ. ಒಳ್ಳೆಯ ಬೆಳಕು ಬೀಳುವ ಗೋಡೆಗಳ ಮೇಲೆಲ್ಲ 'ಫೋಟೋ ತೆಗೆಯಬಾರದು' ಎಂಬ ಸೈನ್ಯದ ಬೋರ್ಡು.

ಜುಲೈ 19, ಶುಕ್ರವಾರ

ಬಿದ್ದೆ. ಬಸ್ ಸ್ಟಾಪಿನ ಹತ್ತಿರ. ಮೋಡ ಕವಿದಿತ್ತು, ನೆರಳೇ ಇರಲಿಲ್ಲ, ಫುಟ್‌ಪಾತಿನ ಅಂಚು ಕಾಣಲಿಲ್ಲ. ಮೊಣಕಾಲು ತರಚಿದೆ. ಇವತ್ತು ಇಷ್ಟು ಸಾಕು.

ಜುಲೈ 29, ಸೋಮವಾರ

ಮಧ್ಯಾಹ್ನ ಊಟಕ್ಕೆ ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಕಿತ್ತ ಹಲ್ಲುಗಳನ್ನು ಪ್ಲಾಸ್ಟರಿನ ದವಡೆಯಲ್ಲಿ ಕೂರಿಸಿ ಸೋನಾಲಿ ತಯಾರಾಗಿ ಇಟ್ಟಿದ್ದಳು. ಡ್ರಿಲ್ ಹಿಡಿದ ಕೈ ಏನನ್ನೂ ಮರೆತಿರಲಿಲ್ಲ. ಕಣ್ಣು ಮರೆತಿತ್ತು. ಇನ್ನೂ ಮೇಲಿದ್ದೇನೆ ಅಂದುಕೊಂಡಾಗ ಹಲ್ಲಿನ ತಳವನ್ನೇ ತೂತು ಮಾಡಿದ್ದೆ. ನಿಜವಾದ ಬಾಯಾಗಿದ್ದರೆ ಆ ಹಲ್ಲು ಮುಗಿದ ಹಾಗೆ.

"ಘಾಯೀ ನಕೋ, ಮ್ಯಾಡಮ್," ಅಂದಳು ಸೋನಾಲಿ. ಅವಸರ ಬೇಡ ಎಂದು ನಾನು ಅವಳಿಗೆ ಹೇಳುತ್ತಿದ್ದ ಮಾತು.

ಸಂಜೆ ಮಾರ್ತಾಂಡರಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು.

"ಕ್ಲಿನಿಕ್ ಸೋನಾಲಿಗೆ ಬಿಟ್ಟುಕೊಡೋಣ, ವರದಾ. ನೀ ಬರೇ ಸಲಹಾ ಕೊಡು. ಯಾಕ ಇಷ್ಟು ತ್ರಾಸ ಮಾಡ್ಕೋತೀ?"

"ನನ್ನ ಕ್ಲಿನಿಕ್ಕಿನ ಬಗ್ಗೆ ನೀವು ಮಾತಾಡಬ್ಯಾಡ್ರಿ."

'ನೀವು' ಅನ್ನುವುದನ್ನು ಬೇಕಾದ್ದಕ್ಕಿಂತ ಜೋರಾಗಿ ಹೇಳಿದೆ. ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳನ್ನು ತೆಗೆದರು. ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದರು.

ಆಗಸ್ಟ್ 7, ಬುಧವಾರ

ಎಂಥ ದಡ್ಡಿ ನಾನು! ಹಲ್ಲಿನ ಕುರ್ಚಿಯ ದೀಪ ಎಂದರೇನು? ಎದುರಿನ ಫ್ಲ್ಯಾಶ್. ಇಷ್ಟು ವರ್ಷ ಅದನ್ನು ನೇರವಾಗಿ ಬಾಯೊಳಗೆ ಹಾಯಿಸಿಯೇ ಕೆಲಸ ಮಾಡಿದ್ದೇನೆ. ಇಂದು ದೀಪವನ್ನು ಪಕ್ಕಕ್ಕೆ ಎಳೆದು ಓರೆ ಮಾಡಿದೆ. ತೂತಿನ ಒಂದು ಗೋಡೆ ಬೆಳಗಿತು, ಇನ್ನೊಂದರ ಮೇಲೆ ನೆರಳು ಬಿತ್ತು. ಕೊರೆದ ಹಾಗೆಲ್ಲ ಆ ನೆರಳು ಬೆಳೆಯುತ್ತ ಹೋಯಿತು. ತಲೆಯನ್ನು ತುಸು ಅತ್ತಿತ್ತ ಆಡಿಸಿದರೆ ಹತ್ತಿರದ ಅಂಚು ಜಾಸ್ತಿ ಸರಿಯುತ್ತದೆ, ತಳ ಕಡಿಮೆ.

ತಳ ತೂತಾಗಲಿಲ್ಲ. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದೆ. ಸೋನಾಲಿ ಇನ್ನೊಂದು ಹಲ್ಲು ಕೂರಿಸಿದಳು.

ಆಗಸ್ಟ್ 25, ಭಾನುವಾರ

ಇಂದಿನ ಪಾಠ ಖಾಲಿ ಜಾಗದ್ದು. ನಾನು ಎಲ್ಲವನ್ನೂ ನಟ್ಟನಡುವೆ ಇಡುತ್ತೇನೆ, ಬಾಯಿಯ ಎಕ್ಸ್‌ರೇ ತೆಗೆದ ಹಾಗೆ. ಹೂ ಮಾರುವ ಹೆಂಗಸೊಬ್ಬಳು ರಸ್ತೆಯ ಕಡೆ ನೋಡುತ್ತಿದ್ದ ಚಿತ್ರವನ್ನು ಮುಕ್ತಾಬಾಯಿ ಎತ್ತಿ ಹಿಡಿದರು.

"ಆಕಿ ಎತ್ತಾಗ ನೋಡ್ಲಿಕ್ಕತ್ಯಾಳ, ಆ ಕಡೆ ಜಾಗಾ ಬಿಡ್ರಿ. ಮೂಗಿನ ಮುಂದ ಗ್ವಾಡಿ ಕಟ್ಟಿದ್ರ ಉಸಿರ ಹ್ಯಾಂಗ ಆಡಬೇಕು?"

ಮತ್ತೆ ಹೋಗಿ ಅವಳನ್ನೇ ಕೇಳಿ ಇನ್ನೊಂದು ತೆಗೆದೆ. ಅವಳನ್ನು ಒಂದು ಬದಿಗೆ ಇಟ್ಟು ಉಳಿದದ್ದನ್ನು ಒದ್ದೆ ರಸ್ತೆಗೆ ಬಿಟ್ಟೆ. ಈ ಸಲ ಅವಳು ಯಾರನ್ನೋ ಕಾಯುತ್ತಿದ್ದಾಳೆ ಅನ್ನಿಸಿತು. ಜಾಗ ಬಿಟ್ಟಿದ್ದಕ್ಕೇ ಇರಬೇಕು.

ಕಪ್ಪು ಕನ್ನಡಕವನ್ನು ಕ್ಲಾಸಿನಲ್ಲೇ ಮರೆತು ಬಂದಿದ್ದೇನೆ. ಮುಂದಿನ ವಾರ ತಂದರಾಯಿತು.

ಸೆಪ್ಟೆಂಬರ್ 8, ಭಾನುವಾರ

ನಿನ್ನೆ ಗಣಪತಿ ಬಂದಿದ್ದಾನೆ. ಪೇಟೆ ತುಂಬ ಢೋಲಿನ ಸದ್ದು. ಕಿಟಕಿ ಮುಚ್ಚಿ ಪಾಠ. ಇಷ್ಟು ದಿನ ತೆಗೆದದ್ದರಲ್ಲಿ ಒಳ್ಳೆಯವನ್ನು ಪ್ರಿಂಟ್ ಹಾಕಿಸಿ ತರಲು ಹೇಳಿದ್ದರು. ನನ್ನವನ್ನು ಚಾಪೆಯ ಮೇಲೆ ಹರಡಿ ಮುಕ್ತಾಬಾಯಿ ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದರ ಎಡ ಅಂಚಿನ ಮೇಲೆ ಬೆರಳಿಡುತ್ತ ಹೋದರು. ಒಂದರಲ್ಲಿ ಮೊಣಕೈ. ಒಂದರಲ್ಲಿ ಕೊಡೆಯ ತುದಿ. ಒಂದರಲ್ಲಿ ನೀಲಿ ಶರ್ಟಿನ ತೋಳು. ಹೂವಿನ ಹೆಂಗಸಿನ ಚಿತ್ರದಲ್ಲಿ, ನಾನು ಅಷ್ಟು ಹೆಮ್ಮೆಪಟ್ಟಿದ್ದ ಖಾಲಿ ರಸ್ತೆಯ ಕೊನೆಯಲ್ಲಿ, ಅರ್ಧ ಚಪ್ಪಲಿ.

"ಇಂವ ಯಾರು?"

"ನನ್ನ ಗಂಡ. ಎಡಕ್ಕ ಇರ್ತಾರ. ಆ ಕಡೆ ನಂಗ ಕಾಣಂಗಿಲ್ಲ."

"ಬಾಜೂಕ ಇದ್ದಾಗ ಕಾಣಂಗಿಲ್ಲ, ಒಪ್ಪಿದೆ. ಚೌಕಟ್ಟಿನ್ಯಾಗ ಬಂದ ಮ್ಯಾಲೆ ಕಾಣಬೇಕಲ್ಲ? ನೀವು ನಡುವ ನೋಡ್ತೀರಿ, ಅಂಚು ನೋಡಂಗಿಲ್ಲ. ಅರ್ಧ ಬಂದದ್ದು ಚಿತ್ರಾನ ಕೆಡಸ್ತದ, ಡಾಕ್ಟರೀಣಬಾಯಿ. ಪೂರಾ ಒಳಗ ತಗೋರಿ, ಇಲ್ಲಾ ಪೂರಾ ಹೊರಗ ಬಿಡ್ರಿ."

ಹೊರಗೆ ಬಿಡುತ್ತೇನೆ. ಇದರಲ್ಲಿ ಯೋಚಿಸುವಂಥದ್ದೇನಿಲ್ಲ. ಇನ್ನು ಮುಂದೆ ಕ್ಲಾಸಿಗೆ ಒಬ್ಬಳೇ ಹೋಗಿಬರುತ್ತೇನೆ ಎಂದು ಮಾರ್ತಾಂಡರಿಗೆ ಹೇಳಿದೆ. "ಆತು," ಅಂದರು.

ಸೆಪ್ಟೆಂಬರ್ 13, ಶುಕ್ರವಾರ

ಪ್ಲಾಸ್ಟರ್ ದವಡೆಯ ಹಲ್ಲಿಗೆ ರೂಟ್ ಕೆನಾಲ್ ಪೂರ್ತಿ ಮಾಡಿದೆ. ಸೋನಾಲಿ ಎಕ್ಸ್‌ರೇ ತೆಗೆದು ಕಿಟಕಿಗೆ ಹಿಡಿದಳು. "ಮಸ್ತ್!" ಅಂದಳು. ಇನ್ನು ನಿಜವಾದ ರೋಗಿ, ಅವಳು ಪಕ್ಕದಲ್ಲಿರುತ್ತಾಳಂತೆ. ಆದರೆ ಮೊದಲು ನನ್ನ ಕಣ್ಣಿನ ಸಂಗತಿ ತಿಳಿಸಲೇಬೇಕು. ತಿಳಿದೂ ತಿಳಿದೂ ಯಾರು ಕೂರುತ್ತಾರೆ?

ಯಾರಾದರೂ ಕೂರುತ್ತಾರೆ. ಕೂರುವವರೆಗೆ ಕೇಳುತ್ತೇನೆ.

ಸೆಪ್ಟೆಂಬರ್ 22, ಭಾನುವಾರ

ಕ್ಲಾಸಿನವರೊಂದಿಗೆ ಲೋಣಾವಳಾ. ಖಡಕಿ ಸ್ಟೇಶನ್ನಿನಲ್ಲಿ ಲೋಕಲ್ ಹತ್ತಿದ್ದು ನಾನೊಬ್ಬಳೇ, ಉಳಿದವರು ಪುಣೆಯಿಂದಲೇ ಕೂತಿದ್ದರು. ಪ್ಲಾಟ್‌ಫಾರ್ಮಿಗೂ ರೈಲಿನ ಡಬ್ಬಿಗೂ ನಡುವಿನ ಕಂದಕದ ಕಪ್ಪನ್ನು ನೋಡಿ ಕಾಲೆತ್ತಿದೆ. ಹತ್ತಿದೆ.

ಲೋಣಾವಳಾದಲ್ಲಿ ಮಂಜು. ಹತ್ತಿರದ ಗುಡ್ಡ ಕಡು ಹಸಿರು, ಅದರ ಹಿಂದಿನದು ಮಾಸಲು, ಅದರ ಹಿಂದಿನದು ಹಾಲಿಗೆ ನೀರು ಬೆರೆಸಿದ ಬಣ್ಣ. ದೂರ ಹೋದ ಹಾಗೆ ಬಣ್ಣ ಸೋಲುತ್ತದೆ. ಅಲ್ಲಿ ಎರಡು ಕಣ್ಣಿನವರಿಗೂ ನನಗೂ ವ್ಯತ್ಯಾಸವೇ ಇರಲಿಲ್ಲ. ಬಿಸಿ ಚಿಕ್ಕಿ ತಿಂದೆವು. ಮನಸ್ಸಿಗೆ ಬಂದಷ್ಟು ಚಿತ್ರ ತೆಗೆದೆ. ಅಂಚುಗಳೆಲ್ಲ ಸ್ವಚ್ಛ.

ವಾಪಸು ಬರುವಾಗ ಮಳೆಗೆ ಗಾಡಿ ತಡವಾಯಿತು. ಖಡಕಿಯಲ್ಲಿ ಇಳಿದು, ಒದ್ದೆ ಪ್ಲಾಟ್‌ಫಾರ್ಮಿನ ಮೇಲೆ ದೀಪಗಳ ಸಾಲು ಚೆನ್ನಾಗಿತ್ತೆಂದು ಕ್ಯಾಮೆರಾ ಎತ್ತಿದೆ. ಆ ಸಾಲು ಹೋಗಿ ಮುಟ್ಟುವ ಕಡೆ ಒಬ್ಬ ಮನುಷ್ಯ ನಿಂತಿದ್ದ. ಮೊಣಕಾಲಿನವರೆಗೆ ತೊಯ್ದ ಪ್ಯಾಂಟು, ಕಂಕುಳಲ್ಲಿ ಎರಡು ಕೊಡೆ. ಬೇರೆ ಡಬ್ಬಿಯ ಬಾಗಿಲಲ್ಲಿ ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ. ಮಾರ್ತಾಂಡ.

ಏಪ್ರಿಲ್ ಆದ ಮೇಲೆ ಅವರನ್ನು ಪೂರ್ತಿ ನೋಡಿದ್ದು ಇದೇ ಮೊದಲು. ಎಷ್ಟು ಇಳಿದುಹೋಗಿದ್ದಾರೆ. ಬಟನ್ ಒತ್ತಲಿಲ್ಲ. ಏನನ್ನು ತೋರಿಸಬೇಕೆಂದು ಒಂದು ವಾಕ್ಯ ಸಿಗಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಈ ವಾರದ ಕೆಲಸ ಒಂದು ಮುಖ. ಆಫೀಸಿಗೆ ಹೊರಡುವ ಮುಂಚೆ ಮಾರ್ತಾಂಡರನ್ನು ಕರೆದೆ.

"ನನ್ನ ಫೋಟೋ ಯಾಕ? ಇಂಪನಾಂದು ತಗಿ."

"ಇಂಪನಾ ಮಲಗ್ಯಾಳ. ಕೂಡ್ರಿ."

ಅಭ್ಯಾಸದಂತೆ ಬಂದು ನನ್ನ ಎಡಕ್ಕೇ ಕೂತರು. ಎಬ್ಬಿಸಿ, ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದು ನನ್ನೆದುರಿಗೆ ಕೂರಿಸಿದೆ. ಹಿಂದಿನ ಗೋಡೆಯ ಗಡಿಯಾರ ಅವರ ತಲೆಯ ಮೇಲೆ ಕಿರೀಟವಾಗಿತ್ತು, ಅದನ್ನು ತೆಗೆದಿಟ್ಟೆ. ಅವರು ನೆಲ ನೋಡುತ್ತಿದ್ದರು.

"ಈ ಕಡೆ ನೋಡ್ರಿ."

"ಆಗಂಗಿಲ್ಲ, ವರದಾ."

"ಯಾಕ ಆಗಂಗಿಲ್ಲ?"

ಕೆಳಗೆ ಹಾಲಿನವನ ಸೈಕಲ್ ಬಂದು ಹೋಯಿತು.

"ನಿನ್ನ ಮಾರಿ ನೋಡಿದ್ರ ಆ ಕೊಕ್ಕಿ ಕಾಣ್ತದ. ಕೈ ಬೆವತಿತ್ತು. ಗಟ್ಟಿ ಹಿಡೀಬೇಕಾಗಿತ್ತು, ಹಿಡೀಲಿಲ್ಲ. ಮಲಗಿದ್ರೂ ಅದ, ಎದ್ರೂ ಅದ."

ಐದು ತಿಂಗಳಲ್ಲಿ ಈ ಮಾತು ನಮ್ಮಿಬ್ಬರ ನಡುವೆ ಬಂದಿರಲೇ ಇಲ್ಲ. ಕ್ಯಾಮೆರಾ ಮಡಿಲಲ್ಲಿಟ್ಟೆ.

"ನಂಗ ನಿಮ್ಮ ಮ್ಯಾಲೆ ಭಾಳ ಸಿಟ್ಟು ಬಂದದ. ಇನ್ನೂ ಹೋಗಿಲ್ಲ."

"ಗೊತ್ತದ."

"ಗೊತ್ತಿದ್ರ ಎದುರಿಗೆ ಬರ್ರಿ. ಕಾಣದ ಕಡೆ ನಿಂತ್ರ ನಾ ಯಾರ ಮ್ಯಾಲೆ ಸಿಟ್ಟು ಮಾಡ್ಲಿ?"

ತಲೆ ಎತ್ತಿದರು. ಕಣ್ಣು ತುಂಬಿತ್ತು. ತುಟಿಯ ಒಂದು ಬದಿಯಲ್ಲಿ ನಗೆಯಂಥದ್ದೇನೋ. ನೇರ ನನ್ನನ್ನೇ ನೋಡಿದರು, ಎರಡೂ ಕಣ್ಣನ್ನು, ಇರುವುದನ್ನೂ ಇಲ್ಲದ್ದನ್ನೂ. ಆಗ ಒತ್ತಿದೆ.

ಇವರಿಗೆ ಆಫೀಸಿಗೆ ತಡವಾಯಿತು. ತಿಂಡಿ ತಿನ್ನದೆ ಹೋದರು.

ಸೆಪ್ಟೆಂಬರ್ 25, ಬುಧವಾರ

ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅಂಚಿನಿಂದ ಅಂಚಿಗೆ ನೋಡಿದೆ. ಆಮೇಲೆ ಮುಖ ನೋಡಿದೆ. ಬಲದವಡೆಯ ಕೆಳಗೆ, ಇರಬಾರದ ಕಡೆ ಒಂದು ಸಣ್ಣ ನೆರಳು. ಊತ. ಕಿಟಕಿಯ ಬೆಳಕು ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ.

"ಎಂದಿನಿಂದ ಬ್ಯಾನಿ ಅದ?" ಎಂದು ಕೇಳಿದೆ.

"ಮಳೀ ಸುರು ಆದಾಗಿಂದ," ಅಂದರು ಇವರು, ಕಳ್ಳತನ ಸಿಕ್ಕವರ ಹಾಗೆ.

"ಹಲ್ಲಿನ ಡಾಕ್ಟರ್ ಮನ್ಯಾಗ ಇದ್ದು?"

"ನೀ ಇದ್ದ ಹಾಲತ್‌ದಾಗ ನಾ ಹಲ್ಲು ಅಂತ ಹ್ಯಾಂಗ ಅನ್ಲಿ?"

ಬೈದೆ. ಬೇಕಾದಷ್ಟು ಬೈದೆ. ಮನೆಯಲ್ಲಿ ಇಷ್ಟು ಸದ್ದು ಕೇಳಿ ಇಂಪನಾ ಇಯರ್‌ಫೋನ್ ತೆಗೆದು ಬಂದು ನೋಡಿ ಹೋದಳು.

ಸೆಪ್ಟೆಂಬರ್ 26, ಗುರುವಾರ

ಎಕ್ಸ್‌ರೇ ಆಯಿತು. ಕೆಳದವಡೆಯ ಬಲಗಡೆಯ ಹಲ್ಲು ಬೇರಿನವರೆಗೆ ಕೆಟ್ಟಿದೆ. ರೂಟ್ ಕೆನಾಲ್ ಆಗಬೇಕು. ಊತ ಇಳಿಯಲು ಔಷಧ ಬರೆದು, ಮುಂದಿನ ವಾರ ತಾನು ಮಾಡುತ್ತೇನೆ ಅಂದಳು ಸೋನಾಲಿ.

"ವರದಾನ ಮಾಡ್ಲಿ," ಅಂದರು ಇವರು.

ಬೇಡ ಅಂದೆ. ಮೊದಲ ರೋಗಿ ಯಾರಾದರೂ ಆಗಲಿ, ಇವರು ಬೇಡ. ಕೈ ತಪ್ಪಿದರೆ? ಸಿಟ್ಟಿನ ಮೇಲೆ ಮಾಡಿದೆ ಅಂತ ನನಗೇ ಅನ್ನಿಸಿದರೆ? ಇದನ್ನೆಲ್ಲ ಬಾಯಿ ಬಿಟ್ಟು ಹೇಳಲಿಲ್ಲ. ಆದರೂ ಇವರಿಗೆ ಕೇಳಿಸಿತು.

"ತಪ್ಪಿದ್ರ ಒಂದು ಹಲ್ಲು ಹೋಗ್ತದ, ಹೋಗ್ಲಿ. ನಾ ಕೂಡಾಂವ ನಿನ್ನ ಮುಂದ."

ಯೋಚಿಸಿದೆ. ಇದು ನನ್ನ ಕಣ್ಣಿಗೆ ಇವರು ತೀರಿಸುವ ಲೆಕ್ಕವಾದರೆ ನಾನು ಒಪ್ಪುವುದಿಲ್ಲ, ಹಲ್ಲು ಉಳಿಸಿಕೊಳ್ಳಲು ಬರುವುದಾದರೆ ಬರಲಿ ಅಂದೆ.

"ಹಲ್ಲು ಭಾಳ ಬ್ಯಾನಿ ಅದ ವರದಾ," ಅಂದರು. ಆ ದನಿ ನನಗೆ ಗೊತ್ತು. ದಿನಾ ಕುರ್ಚಿಯಲ್ಲಿ ಕೇಳುತ್ತಿದ್ದದ್ದು. ಒಪ್ಪಿದೆ.

ಅಕ್ಟೋಬರ್ 5, ಶನಿವಾರ

ಊತ ಇಳಿದಿದೆ. ಬೆಳಿಗ್ಗೆ ಬೇಗ ಕ್ಲಿನಿಕ್ ತೆರೆದೆವು. ಸೋನಾಲಿ ಪಕ್ಕದಲ್ಲಿ ನಿಂತಳು. ಇಂಜೆಕ್ಷನ್ ಕೊಟ್ಟೆ, ತುಟಿ ಜೋಮು ಹಿಡಿಯುವವರೆಗೆ ಕಾದೆ. ದೀಪವನ್ನು ಓರೆ ಮಾಡಿದೆ. ಇವರು ಕುರ್ಚಿಯ ಕೈ ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

"ಕಣ್ಣು ಮುಚ್ಚಬ್ಯಾಡ್ರಿ. ನಿಮಗ ಬ್ಯಾನಿ ಆದ್ರ ನನಗ ಕಣ್ಣಾಗ ತಿಳೀಬೇಕು."

ತೆರೆದರು. ಮತ್ತೆ ಮುಚ್ಚಲಿಲ್ಲ.

ಒಂದೇ ಹಲ್ಲು, ಅದರಲ್ಲಿ ಒಂದೇ ಗುಳಿ. ಅದರಾಚೆಗೆ ಏನೂ ಇಲ್ಲ. ನೆರಳು ಇಳಿಯಿತು, ಇನ್ನಷ್ಟು ಇಳಿಯಿತು. ತಲೆ ಆಡಿಸಿ ನೋಡಿದೆ. ಇನ್ನು ಸ್ವಲ್ಪ. ಕೈಗೆ ಡ್ರಿಲ್ ಒಮ್ಮೆ ಹಗುರಾಯಿತು, ಒಳಗಿನ ಪೊಳ್ಳು ಸಿಕ್ಕಿತು. ನಿಲ್ಲಿಸಿದೆ. ಸೋನಾಲಿ ಬಗ್ಗಿ ನೋಡಿ ತಲೆಯಾಡಿಸಿದಳು. ಆಮೇಲಿನದೆಲ್ಲ ಬೆರಳುಗಳ ಕೆಲಸ, ಅವುಗಳಿಗೆ ಕಣ್ಣು ಬೇಡ.

"ಆತು. ಏಳ್ರಿ," ಅಂದೆ.

ಇವರು ಏಳಲಿಲ್ಲ. ಮರಗಟ್ಟಿದ ಬಾಯಿಯಿಂದ ಏನೋ ಹೇಳಲು ಹೋದರು. ನನ್ನ ಗ್ಲವ್ಸ್ ಹಾಕಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೋನಾಲಿ ಗೋಡೆಯ ಕಡೆ ತಿರುಗಿ ಉಪಕರಣ ಎಣಿಸತೊಡಗಿದಳು. ನನ್ನ ಮುಖ ನೋಡಿದರೆ ಇವತ್ತು ಇವರಿಗೆ ಏನು ಕಾಣುತ್ತದೆ ಎಂದು ನಾನು ಕೇಳಲಿಲ್ಲ.

ಹೊರಗಿನ ಬೆಂಚಿನ ಮೇಲೆ ಬಸವಣ್ಣೆವ್ವ ಕೂತಿದ್ದಳು. ನನ್ನ ಹಳೆಯ ರೋಗಿ, ಎಂಬತ್ತು ದಾಟಿದವಳು.

"ದೊಡ್ಡ ಡಾಕ್ಟರ್ ಬಂದಾಳಂತ ಅಂದ್ರು. ಖರೇನವಾ?"

"ಖರೇ, ಬಸವಣ್ಣೆವ್ವಾ. ಆದ್ರ ಮೊದಲ ಹೇಳ್ತೀನಿ, ನಂಗ ಈಗ ಒಂದ ಕಣ್ಣು. ಬ್ಯಾಡನಿಸಿದ್ರ ಸೋನಾಲಿ ನೋಡ್ತಾಳ."

ಮುದುಕಿ ನನ್ನ ಮುಖವನ್ನು ನಿಧಾನವಾಗಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು.

"ನನ್ನ ಬಾಯಾಗ ಇರೂದು ಮೂರ ಹಲ್ಲು. ಒಂದ ಕಣ್ಣು ಸಾಕಾಗ್ತದ ತಗೋ. ನಡಿ ಒಳಗ."

ನಾನು ಹೊಸ ಗ್ಲವ್ಸ್ ಹಾಕಿಕೊಂಡೆ.